ಹಾಸ್ಟೈಲ್ ಆದ ಗಿರಿಜವ್ವ

ಹಾಸ್ಟೈಲ್ ಎಂಬ ಇಂಗ್ಲಿಷ್ ಶಬ್ದವನ್ನು ನಾನು ಕಲಿತದ್ದು ಭೈರುಂಬೆಯ ಹೈಸ್ಕೂಲಿನಲ್ಲಿ. ಹಗೆತನದ, ಸ್ನೇಹವಿಲ್ಲದ, ಎದುರು ಬಿದ್ದ ಎಂದು ಮೇಷ್ಟ್ರು ಅರ್ಥ ಬರೆಸಿದ್ದರು, ನಾವು ಬಾಯಿಪಾಠ ಮಾಡಿದ್ದೆವು. ಅದರ ಬಳಕೆ ಗೊತ್ತಾದದ್ದು ಮಾತ್ರ ಸಿರಸಿಯ ಕೋರ್ಟಿನಲ್ಲಿ ಟೈಪಿಸ್ಟ್ ಆದ ಮೇಲೆ. ಸರಕಾರದ ಕಡೆಯಿಂದ ಕರೆಸಿದ ಸಾಕ್ಷಿ, ಪೊಲೀಸರ ಮುಂದೆ ಹೇಳಿದ್ದನ್ನು ಕಟಕಟೆಯಲ್ಲಿ ನಿಂತು ಹೇಳದೇ ಹೋದರೆ ಸರಕಾರಿ ವಕೀಲರು ಎದ್ದು ‘ಈ ಸಾಕ್ಷಿ ಹಾಸ್ಟೈಲ್’ ಅನ್ನುತ್ತಾರೆ. ಜಡ್ಜ್ ಸಾಹೇಬರು ಹೂಂ ಅನ್ನುತ್ತಾರೆ. ನಾನು ಟೈಪ್ ಮಾಡುತ್ತೇನೆ. ಅಲ್ಲಿ ಹಗೆಯೂ ಇಲ್ಲ, ಮಣ್ಣೂ ಇಲ್ಲ. ಎಷ್ಟೋ ಸಲ ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಟೆಂಪೋ ಮಾಡಿಕೊಂಡು ಬಂದು, ಕ್ಯಾಂಟೀನಿನಲ್ಲಿ ಒಂದೇ ಟೇಬಲ್ಲಿಗೆ ಕೂತು ಬನ್ಸ್ ತಿಂದು, ಬಾಯಿ ಒರೆಸಿಕೊಂಡು ಒಳಗೆ ಬಂದು ಹಾಸ್ಟೈಲ್ ಆಗುತ್ತಾರೆ. ಅಷ್ಟು ಅನ್ಯೋನ್ಯ.

ಕೆಲವು ಕೇಸುಗಳನ್ನು ರಾಜಿ ಮಾಡಿಕೊಳ್ಳಲು ಕಾನೂನು ಬಿಡುವುದಿಲ್ಲ. ಕತ್ತಿ ಬೀಸಿ ಕೈಕಾಲು ಕಡಿದಂಥವು. ಊರವರು ಅದಕ್ಕೂ ದಾರಿ ಕಂಡುಕೊಂಡಿದ್ದಾರೆ. ಊರಲ್ಲಿ ರಾಜಿ ಮಾಡಿಕೊಳ್ಳುವುದು, ಕೋರ್ಟಿನಲ್ಲಿ ಎಲ್ಲರೂ ‘ನಮಗೇನೂ ಗೊತ್ತಿಲ್ಲ’ ಎನ್ನುವುದು. ಗಿರಿಜವ್ವನ ಊರಿನಲ್ಲಂತೂ ಈ ಶಬ್ದ ಕನ್ನಡವೇ ಆಗಿಹೋಗಿದೆ. ‘ಆ ಎರಡೂ ಮನಿಯವ್ರು ಹಾಸ್ಟೈಲ್ ಆದ್ರು’ ಅಂದರೆ ಮಾತು ಬಿಟ್ಟಿದ್ದವರು ಒಂದಾದರು ಎಂದರ್ಥ. ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಗಿರಿಜವ್ವ ನಗಲಿಲ್ಲ. ಅವಳು ನಗುವುದು ಕಡಿಮೆ.

ಅವಳ ಊರು ಬನವಾಸಿಯ ಆಚೆ. ಎರಡು ಎಕರೆ ಅನಾನಸು, ಒಂದಿಷ್ಟು ಗೋವಿನಜೋಳ. ಐವತ್ತರ ಆಸುಪಾಸಿನ ಹೆಂಗಸು, ನೆಟ್ಟಗೆ ಕೂರುವವಳು, ಎಡಗೈಯನ್ನು ಯಾವಾಗಲೂ ಸೆರಗಿನೊಳಗೆ ಇಟ್ಟುಕೊಳ್ಳುವವಳು. ಆ ಕೈಯಲ್ಲಿ ಎರಡು ಬೆರಳಿಲ್ಲ. ಅವಳ ಕೇಸಿನ ತಾರೀಖು ಮುಂದೆ ಮುಂದೆ ಹೋದ ಹಾಗೆಲ್ಲ ಅವಳು ಬಂದು ನನ್ನ ಕಿಟಕಿಯ ಕೆಳಗಿನ ಜಗಲಿಯಲ್ಲಿ ಕೂರುತ್ತಿದ್ದಳು. ಪಕ್ಕದಲ್ಲಿ ಕೂತವರು ಮಾತಾಡಿಸಿದರೆ ಕೇಳಿದಷ್ಟಕ್ಕೆ ಉತ್ತರ, ಮುಗಿಯಿತು. ಬಿಂಕದ ಹೆಂಗಸು ಎಂದು ನಮ್ಮ ಆಫೀಸಿನವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ‘ನಿಮ್ಮ ಕಡೆ ಅನಾನಸು ಬಹಳ ಸಿಹಿಯಂತೆ, ಒಂದು ತರಬಾರದಾ?’ ಎಂದು ನಾನೇ ಒಮ್ಮೆ ಕಿಟಕಿಯಿಂದ ಕೇಳಿದೆ, ಮಾತು ಬೆಳೆಸೋಣವೆಂದು.

“ಕೋರ್ಟಿಗೆ ಹಣ್ಣ ತರೂದಿಲ್ರಿ ಅಕ್ಕಾರ,” ಅಂದಳು. “ಲಂಚ ಅಂತಾರ.”

ಅವತ್ತಿನಿಂದ ನನಗೆ ಅವಳೆಂದರೆ ಇಷ್ಟ. ಕೇಸಿನ ಮಾತನ್ನು ನಾನು ಎತ್ತುವ ಹಾಗಿರಲಿಲ್ಲ, ಅವಳೂ ಎತ್ತಲಿಲ್ಲ. ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದು ಜಗಲಿಗೆ ಬಂದರೆ ಊರಿನ ಮಾತು, ಮನೆಯ ಮಾತು. ಒಂದೊಂದು ತುಂಡು ಹೀಗೆ ಕೂಡಿಸಿಕೊಂಡೇ ಅವಳ ಬದುಕು ನನಗೆ ತಿಳಿದದ್ದು.

ಅವಳು ಆ ಊರಿಗೆ ಸೊಸೆಯಾಗಿ ಬಂದ ವರ್ಷವೇ ಪಕ್ಕದ ಮನೆಗೆ ಪಾರ್ವತವ್ವ ಸೊಸೆಯಾಗಿ ಬಂದಳು. ಇಬ್ಬರಿಗೂ ಅತ್ತೆಯರು ಬಿರುಸು. ನೀರಿಗೆ ಹೋಗುವಾಗ ಜೊತೆ, ಸೌದೆಗೆ ಹೋಗುವಾಗ ಜೊತೆ, ಅಳುವಾಗಲೂ ಜೊತೆ. ಇವಳು ಮಾತಾಡದವಳು, ಅವಳು ಮಾತು ನಿಲ್ಲಿಸದವಳು, ಹಾಗಾಗಿ ಹೊಂದಿಕೊಂಡಿತು. ಗಿರಿಜವ್ವನ ಮಗಳು ಸ್ಫೂರ್ತಿ ಇನ್ನೂ ತೊಟ್ಟಿಲಲ್ಲಿದ್ದಾಗ ಗಂಡ ಹೊಲದ ಪಂಪ್‌ಸೆಟ್ಟಿನ ಕರೆಂಟು ಹೊಡೆದು ಸತ್ತ. ಆಗ ಪಾರ್ವತವ್ವ ತುಂಬಿದ ಬಸುರಿ. ಎರಡನೇ ಮಗ ಹುಟ್ಟಿದ. ಮನೆಯವರೆಲ್ಲ ಅಜ್ಜನ ಹೆಸರು ಇಡೋಣ ಎಂದರೆ ಪಾರ್ವತವ್ವ ಹಟ ಹಿಡಿದು ಗಿರಿಜವ್ವನ ಗಂಡನ ಹೆಸರು ಇಡಿಸಿದಳು. ಶಿವಪುತ್ರಪ್ಪ. ‘ನಿನ್ನ ಗಂಡನ ಹೆಸರ ನಮ್ಮ ಓಣ್ಯಾಗ ದಿನಾ ಯಾರರ ಕರೀಲಿ’ ಅಂದಳಂತೆ. ಇಂಥ ಗೆಳತಿ ಯಾರಿಗೆ ಸಿಗುತ್ತಾಳೆ ಹೇಳಿ. ಕೇಳಿ ನನಗೆ ಹೊಟ್ಟೆಕಿಚ್ಚೇ ಆಯಿತು.

ಆದರೆ ಗಂಡನ ಹೆಸರನ್ನು ಬಾಯಲ್ಲಿ ಹೇಳದ ಪೀಳಿಗೆ ಗಿರಿಜವ್ವನದು. ಗಂಡ ಹೋದ ಮೇಲೆ ಆ ಪದ್ಧತಿ ಸಡಿಲವಾಗುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಅದೇ ಹೆಸರಿನ ಇನ್ನೊಬ್ಬರನ್ನೂ ಕರೆಯುವಂತಿಲ್ಲ. ಹಾಗಾಗಿ ಆ ಹುಡುಗನನ್ನು ಅವಳು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಮಗಾ ಅನ್ನುತ್ತಿದ್ದಳು. ಪಾರ್ವತವ್ವ ಕೂಲಿಗೆ ಹೋದಾಗ ಉಣ್ಣಿಸಿದ್ದು ಇವಳು, ಕುಡಗೋಲು ಹಿಡಿದು ಹುಲ್ಲು ಕೊಯ್ಯುವುದನ್ನು ಕಲಿಸಿದ್ದು ಇವಳು. ‘ಮಗಾ ಬಂದಿದ್ದ, ಮಗಾ ಉಂಡು ಹೋದ’ ಎಂದರೆ ಊರಿನವರಿಗೆಲ್ಲ ಗೊತ್ತು ಯಾವ ಮಗ ಎಂದು.

ಆ ಮಗನೇ ಅವಳ ಬೆರಳು ಕಡಿದದ್ದು.

ಅವನು ಟ್ರ್ಯಾಕ್ಟರ್ ತೆಗೆದುಕೊಂಡ. ಅದನ್ನು ತನ್ನ ಹೊಲಕ್ಕೆ ಒಯ್ಯಲು ಗಿರಿಜವ್ವನ ಹೊಲದ ಬದುವಿನ ಮೇಲಿನ ಕಾಲುದಾರಿ ಸಾಲಲಿಲ್ಲ, ಅಗಲ ಮಾಡಿಕೊಡು ಅಂದ. ಅನಾನಸಿನ ಒಂದು ಪಟ್ಟಿಯೇ ಹೋಗುತ್ತದೆ, ಈ ಬೆಳೆ ಮುಗಿಯಲಿ, ಆಮೇಲೆ ನೋಡೋಣ ಎಂದಳು ಇವಳು. ಒಂದು ಬೆಳಿಗ್ಗೆ ಅವನು ಜೆಸಿಬಿ ತಂದೇಬಿಟ್ಟ. ಇವಳು ಅಡ್ಡ ನಿಂತಳು. ಮಾತಿಗೆ ಮಾತು ಬೆಳೆಯಿತು. ಇವಳ ಕೈಯಲ್ಲಿದ್ದ ಕುಡಗೋಲನ್ನೇ ಕಸಿದುಕೊಂಡು ಬೀಸಿದ. ಯಲ್ಲಾಪುರದಲ್ಲಿ ನರ್ಸ್ ಆಗಿರುವ ಸ್ಫೂರ್ತಿ ಓಡಿ ಬಂದು, ಪೊಲೀಸರಿಗೆ ಹೆಸರು ಹೇಳಿ, ಹೇಳಿಕೆ ಬರೆಸಿದಳು. ಗಿರಿಜವ್ವ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಅದಕ್ಕೆ ಹೆಬ್ಬೆಟ್ಟು ಒತ್ತಿದ್ದಳು.

ನೋಡಿದವರು ಅವಳ ಹೊಲಕ್ಕೆ ಕೆಲಸಕ್ಕೆ ಬಂದಿದ್ದ ಹೆಂಗಸರು ಮತ್ತು ಜೆಸಿಬಿ ಡ್ರೈವರ್. ಎಲ್ಲರೂ ಒಬ್ಬೊಬ್ಬರಾಗಿ ನಮ್ಮ ಕೋರ್ಟಿಗೆ ಬಂದು ಹಾಸ್ಟೈಲ್ ಆದರು. ಒಬ್ಬಳಂತೂ ಗಿರಿಜವ್ವನಿಗೆ ಎಡಗೈ ಇದ್ದದ್ದೇ ಹಾಗೆ ಎಂದಳು. ಟೈಪ್ ಮಾಡುವಾಗ ನನಗೆ ಮೈಯೆಲ್ಲ ಉರಿಯಿತು. ಉಳಿದದ್ದು ಗಿರಿಜವ್ವ ಒಬ್ಬಳೇ. ಅವಳೂ ಇಲ್ಲವೆಂದರೆ ಅವನು ಬಿಡುಗಡೆಯಾಗುತ್ತಾನೆ. ಹೌದೆಂದರೆ ಜೈಲು, ಮತ್ತು ಪಾರ್ವತವ್ವನ ಮನೆಯ ಬಾಗಿಲು ಇವಳಿಗೆ ಮುಚ್ಚುತ್ತದೆ. ಊರಿನದೂ ಅಷ್ಟೇ.

ಅಷ್ಟರಲ್ಲಿ ಊರಿನ ಹಿರಿಯರು ಮಠದಲ್ಲಿ ಎರಡೂ ಮನೆಯವರನ್ನು ಕೂರಿಸಿ ಗೋಧಿ ಹುಗ್ಗಿಯ ಊಟ ಹಾಕಿಸಿದ್ದರು. ಒಂದೇ ಸಾಲಿನಲ್ಲಿ ಕೂತು ಉಂಡರೆ ರಾಜಿಯಾದಂತೆ. ‘ಜಾರಿ ಬಿದ್ನಿ, ನನ್ನ ಕುಡಗೋಲ ನನಗ ಬಡೀತು ಅಂತ ಹೇಳಿಬಿಡು’ ಎಂದು ಎಲ್ಲರೂ ಅವಳಿಗೆ ಹೇಳಿಕೊಟ್ಟರು. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಉಂಡಳು. ಮಾತಾಡದವಳ ಸುಮ್ಮನಿರುವಿಕೆಯನ್ನು ಊರು ಒಪ್ಪಿಗೆ ಎಂದು ಎಣಿಸಿತು. ಒಪ್ಪದಿದ್ದರೂ ಚಿಂತೆಯಿರಲಿಲ್ಲ ಅವರಿಗೆ. ‘ಆ ಹೆಸರ ಗಿರಿಜವ್ವನ ಬಾಯಾಗ ಬರೂದ ಇಲ್ಲ’ ಎಂದು ಕಟ್ಟೆಯ ಮೇಲೆ ಕೂತವರು ನಕ್ಕರಂತೆ. ಈ ಊಟದ ಸಂಗತಿಯನ್ನು ಅವಳು ನನಗೆ ಹೇಳಿದಾಗ ಕೇಸಿನ ಮಾತಾಯಿತಲ್ಲ ಎಂದು ನಾನು ಎದ್ದು ಹೊರಟೆ. ಹಿಂದಿನಿಂದ ಒಂದೇ ಮಾತು ಕೇಳಿಸಿತು. “ಊರ ಎಲ್ಲಾ ಬಂದು ಕೈ ಮುಗೀತ್ರಿ ಅಕ್ಕಾರ. ಅವಾ ಒಬ್ಬ ನನ್ನ ಹತ್ರ ಬರ್ಲಿಲ್ಲ. ಪಂಕ್ತ್ಯಾಗ ಕುಂತು ಫೋನ್ ನೋಡ್ಕೋಂತ ಉಂಡ.”

ಅವಳ ಸಾಕ್ಷಿಯ ದಿನ ಬಂತು. ಬೆಳಿಗ್ಗೆಯೇ ಊರಿನವರ ಟೆಂಪೋ ಬಂದು ನಿಂತಿತ್ತು. ಪಾರ್ವತವ್ವ ಮತ್ತು ಗಿರಿಜವ್ವ ಅದರಲ್ಲೇ ಅಕ್ಕಪಕ್ಕ ಕೂತು ಬಂದಿದ್ದರು. ಪಾರ್ವತವ್ವನನ್ನು ನಾನು ನೋಡಿದ್ದು ಅವತ್ತೇ ಮೊದಲು. ಕುಳ್ಳಗೆ, ದುಂಡಗೆ, ಒಂದೇ ಸಮ ಮಾತಾಡುವ ಹೆಂಗಸು. ಗಿರಿಜವ್ವನ ಸೆರಗು ಸರಿಮಾಡಿ, ‘ನೀರ ಕುಡದು ಹೋಗು, ಬಾಯಿ ಒಣಗತೈತಿ’ ಎಂದು ಬಾಟಲಿ ಕೊಟ್ಟಳು. ತಾನು ಒಳಗೆ ಬರಲಿಲ್ಲ, ಎದೆ ಡವಗುಟ್ಟುತ್ತದೆ ಎಂದು ಜಗಲಿಯಲ್ಲೇ ಕೂತಳು. ಅವಳ ದೊಡ್ಡ ಮಗ ಶರಣ ಮಾತ್ರ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ.

ಆರೋಪಿ ಬಂದಿರಲಿಲ್ಲ. ಜ್ವರವೆಂದು ಅವನ ವಕೀಲರು ಅರ್ಜಿ ಕೊಟ್ಟರು, ಸಾಕ್ಷಿ ಹೆಸರು ಹೇಳಿದರೆ ಅವನೇ ನಮ್ಮ ಕಕ್ಷಿದಾರ ಎಂಬುದಕ್ಕೆ ತಕರಾರಿಲ್ಲ ಎಂದು ಒಪ್ಪಿಕೊಂಡರು, ಸಾಹೇಬರು ಅನುಮತಿ ಕೊಟ್ಟರು. ಇದು ದಿನಾ ನಡೆಯುವಂಥದ್ದೇ. ನಾನು ಮಾತ್ರ ಗಿರಿಜವ್ವನ ಕಡೆ ನೋಡಿದೆ. ಬೆರಳು ಮಾಡಿ ತೋರಿಸಲು ಆಳೇ ಇಲ್ಲದ ಮೇಲೆ ಇವಳು ಹೆಸರು ಹೇಳಲೇಬೇಕು.

ಸರಕಾರಿ ವಕೀಲರು ಮೈಸೂರು ಕಡೆಯವರು, ನಮ್ಮಲ್ಲಿಗೆ ಹೊಸಬರು. ಗಿರಿಜವ್ವ ಕಟಕಟೆ ಹತ್ತಿದಳು. ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಎಂದಳು. ಅವತ್ತು ಎಲ್ಲಿದ್ದಿರಿ ಎಂದು ಅವರು ಕೇಳಿದರು.

“ಹೊಲದಾಗ ಇದ್ನಿರಿ. ಬದುವು ಅಗ್ಯಾಕ ಜೆಸಿಬಿ ಬಂತು. ನಾ ಅಡ್ಡ ನಿಂತ್ನಿ. ನನ್ನ ಕೈಯಾಗಿನ ಕುಡಗೋಲ ಕಸಗೊಂಡು ಬೀಸಿದಾ. ಮಾರಿಗೆ ಬರೂದಿತ್ತು, ಕೈ ಅಡ್ಡ ತಂದ್ನಿ.”

ಸೆರಗಿನಿಂದ ಕೈ ಹೊರಗೆ ತೆಗೆದು ಸಾಹೇಬರಿಗೆ ತೋರಿಸಿದಳು. ಹಿಂದಿನ ಬೆಂಚಿನಲ್ಲಿ ಶರಣನ ಮುಖ ಬಿಳಿಚಿತು. ಅವಳು ಜಾರಿ ಬಿದ್ದೆ ಎನ್ನುತ್ತಾಳೆಂದು ಕಾದಿದ್ದವನು ಅವನು.

“ಬೀಸಿದ್ದು ಯಾರು?” ವಕೀಲರು ಕೇಳಿದರು.

“ಮಗಾ ರೀ.”

“ಯಾರ ಮಗ?”

“ನನ್ನ ಮಗಾ.”

ವಕೀಲರು ಫೈಲು ತಿರುವಿದರು. “ನಿಮಗಿರೋದು ಒಬ್ಬಳೇ ಮಗಳಲ್ವಾ?”

“ಹೌದ್ರಿ.”

ಎದುರು ಪಕ್ಷದ ವಕೀಲರು ಮೀಸೆಯಲ್ಲೇ ನಕ್ಕರು. ಪಾರ್ವತವ್ವನ ಎರಡನೇ ಮಗ ಎಂದಿದ್ದರೂ ಕೆಲಸವಾಗುತ್ತಿತ್ತು. ಅದನ್ನೂ ಅವಳು ಅನ್ನಲಿಲ್ಲ. ಯಾಕೆ ಎಂದು ಬಹಳ ದಿನದ ಮೇಲೆ ಕೇಳಿದಾಗ, ‘ಮಾಡಿದಾಂವ ಅವಾ, ಆಕಿ ಹೆಸರ ಯಾಕ ಕೋರ್ಟಿನ್ಯಾಗ ಎಳೀಲಿ’ ಎಂದಳು.

“ಹೆಸರು ಹೇಳಿ.”

ಅವಳು ಕಟಕಟೆಯ ಕಟ್ಟಿಗೆ ಹಿಡಿದುಕೊಂಡು ನೆಲ ನೋಡಿದಳು.

“ಅಮ್ಮಾ, ಹೆಸರು ಹೇಳಬೇಕು,” ಸಾಹೇಬರೇ ಹೇಳಿದರು. “ನಿಮಗೆ ಅವನು ಗೊತ್ತಲ್ಲ?”

“ಗೊತ್ತೈತ್ರಿ.”

“ಹೇಳಿ ಮತ್ತೆ.”

ಅವಳ ತುಟಿ ಅಲ್ಲಾಡಿತು. ಕತ್ತಿನ ನರ ಎದ್ದು ಕಂಡಿತು. ಅವಳು ಪ್ರಯತ್ನ ಮಾಡುತ್ತಿದ್ದಳು, ನಾನು ಕಣ್ಣಾರೆ ಕಂಡೆ. ಆಮೇಲೆ ಸೋತವಳ ಹಾಗೆ, “ಅದು ನನ್ನ ಬಾಯಾಗ ಬರೂದಿಲ್ರಿ ಸಾಹೇಬ್ರ,” ಅಂದಳು.

ಕೋಣೆಯಲ್ಲಿ ಅದರ ಅರ್ಥ ಗೊತ್ತಿದ್ದವರು ಮೂವರು. ಅವಳು, ಶರಣ, ಮತ್ತು ನಾನು. ಶರಣ ಹೇಳುವವನಲ್ಲ. ನಾನು ಹೇಳುವಂತಿಲ್ಲ. ಟೈಪಿಸ್ಟಿನ ಬಾಯಿಗೆ ಕೋರ್ಟಿನಲ್ಲಿ ಜಾಗವೇ ಇಲ್ಲ, ಇರುವುದು ಕೈಗೆ ಮಾತ್ರ. ಎದ್ದು ನಿಂತು ಕೂಗಿಬಿಡೋಣ ಅನ್ನಿಸಿತು. ಕೆಲಸ ಹೋಗುತ್ತದೆ ಎಂಬ ಭಯಕ್ಕಿಂತ, ನಾನು ಬಾಯಿ ಹಾಕಿದರೆ ಅವಳ ಸಾಕ್ಷಿಯೇ ಕೆಡುತ್ತದಲ್ಲ ಎಂಬ ಭಯಕ್ಕೆ ಹಲ್ಲು ಕಚ್ಚಿ ಕೂತೆ.

ಸರಕಾರಿ ವಕೀಲರ ತಪ್ಪೂ ಅಲ್ಲ. ಈ ಕೇಸಿನಲ್ಲಿ ಬಂದವರೆಲ್ಲ ಅವರಿಗೆ ಕೈಕೊಟ್ಟಿದ್ದರು, ಇವಳೂ ಅದೇ ಸಾಲು ಎಂದುಕೊಂಡರು. ಉಸಿರು ಬಿಟ್ಟು, “ಈ ಸಾಕ್ಷಿಯನ್ನೂ ಹಾಸ್ಟೈಲ್ ಎಂದು ಪರಿಗಣಿಸಬೇಕು,” ಎಂದರು. ಸಾಹೇಬರು ಹೂಂ ಅಂದರು. ನಾನು ಟೈಪ್ ಮಾಡಿದೆ. ಅವಳನ್ನು ನೋಡುತ್ತ ಆ ಶಬ್ದ ಹೊಡೆಯಲು ನನಗೆ ಅಸಹ್ಯವಾಯಿತು.

ಶರಣನಿಗೆ ಅಷ್ಟೇ ಬೇಕಾಗಿತ್ತು. ಸಾಹೇಬರ ಕಡೆ ಬಾಗಿ ಕೈ ಮುಗಿದು ದಡದಡ ಹೊರಗೆ ಹೋದ. ಹೊರಗೆ ಅವನ ಗಂಟಲು ಕೇಳಿಸಿತು. “ಯವ್ವಾ, ಹಾಸ್ಟೈಲ್ ಆದ್ಲು! ದೊಡ್ಡವ್ವ ಹಾಸ್ಟೈಲ್ ಆದ್ಲು!” ಆಮೇಲೆ ಫೋನಿನಲ್ಲಿ ಊರಿಗೂ ಅದನ್ನೇ ಹೇಳಿದ.

ಹಾಸ್ಟೈಲ್ ಎಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ತಾವೇ ಕರೆಸಿದ ಸಾಕ್ಷಿಯ ಬಾಯಿಗೆ ವಕೀಲರು ಮಾತು ಕೊಡುವ ಹಾಗಿಲ್ಲ. ಹಾಸ್ಟೈಲ್ ಎಂದು ಬರೆಸಿದ ಮೇಲೆ ಕೊಡಬಹುದು. ಎದುರಾಳಿಯನ್ನು ಕೇಳುವ ಹಾಗೆ ‘ಹೀಗೆ ನಡೆಯಿತು, ಹೌದೋ ಅಲ್ಲವೋ’ ಎಂದು ಕೇಳಬಹುದು. ಸಾಮಾನ್ಯವಾಗಿ ಅದು ಬರೀ ಶಾಸ್ತ್ರ. ವಕೀಲರು ಪೊಲೀಸರ ಹೇಳಿಕೆ ಓದುತ್ತಾರೆ, ಸಾಕ್ಷಿ ‘ಸುಳ್ಳು’ ಎನ್ನುತ್ತಾನೆ, ಎಲ್ಲರೂ ಊಟಕ್ಕೆ ಏಳುತ್ತಾರೆ. ಇವರೂ ತಲೆ ಎತ್ತದೆ ಓದಿದರು.

“ಶಿವಪುತ್ರಪ್ಪ ಎಂಬುವವನು ನಿಮ್ಮ ಕೈಯಲ್ಲಿದ್ದ ಕುಡಗೋಲು ಕಿತ್ತುಕೊಂಡು ನಿಮ್ಮ ಎಡಗೈಗೆ ಹೊಡೆದು ಎರಡು ಬೆರಳು ಕತ್ತರಿಸಿದ ಎಂದು ಪೊಲೀಸರಿಗೆ ಹೇಳಿದ್ದೀರಿ. ಅದು ನಿಜ ತಾನೇ?”

ಅವರ ಕೈ ಆಗಲೇ ಮುಂದಿನ ಹಾಳೆಯ ಮೇಲಿತ್ತು.

“ಖರೆ ಐತ್ರಿ,” ಗಿರಿಜವ್ವ ಹೇಳಿದಳು.

ವಕೀಲರು ತಲೆ ಎತ್ತಿದರು. “ಏನಂದ್ರಿ?”

“ನೀವು ಈಗ ಹೇಳಿದ ಹೆಸರ ಐತೆಲ್ರಿ, ಅವಾನ. ಖರೆ ಐತಿ. ಎಲ್ಲಾ ಖರೆ ಐತಿ.”

ನನ್ನ ಕಣ್ಣಲ್ಲಿ ನೀರು ಬಂತು, ಪರದೆ ಮಸುಕಾಯಿತು, ಆದರೂ ಒಂದಕ್ಷರ ತಪ್ಪದ ಹಾಗೆ ಹೊಡೆದೆ. ಎದುರು ಪಕ್ಷದ ವಕೀಲರು ದಡಬಡಿಸಿ ಎದ್ದರು. ಜಾರಿ ಬಿದ್ದದ್ದಲ್ಲವೇ ಎಂದರು.

“ಕುಡಗೋಲ ಹಿಡದ ಬೆಳದಾಕಿರಿ ನಾ. ಬೀಳೂ ಮುಂದ ಮೊದಲ ಅದನ್ನ ಆಚೆ ಒಗೀತನಿ.”

‘ಸರಕಾರಿ ವಕೀಲರು ಬಾಯಿಗೆ ಹಾಕಿದ ಮೇಲೆ ಹೌದೆನ್ನುತ್ತೀರಿ, ಮೊದಲು ಕೇಳಿದಾಗ ಹೆಸರು ಯಾಕೆ ಹೇಳಲಿಲ್ಲ’ ಎಂದು ಎದುರು ಪಕ್ಷದವರು ಜೋರು ಮಾಡಿದರು. ಅವಳು ಸಾಹೇಬರ ಕಡೆ ತಿರುಗಿದಳು.

“ಅದು ನಮ್ಮ ಮನಿಯವ್ರ ಹೆಸರ ಐತ್ರಿ. ತೀರಿಕೊಂಡಾರ.”

ಸಾಹೇಬರು ನನ್ನ ಕಡೆ ತಿರುಗಿ, ಸಾಕ್ಷಿ ಹೇಳಿದ ಹಾಗೆಯೇ ಬರೆದುಕೊಳ್ಳಿ ಎಂದರು.

ಊಟದ ಬಿಡುವಾಯಿತು. ನಾನು ಡಬ್ಬಿಯನ್ನೂ ತೆಗೆದುಕೊಳ್ಳದೆ ಹೊರಗೆ ಬಂದೆ. ಜಗಲಿಯಲ್ಲಿ ಹಬ್ಬದ ಹಾಗಿತ್ತು. ಶರಣ ಆಚೆಯ ಅಂಗಡಿಯಿಂದ ಪೇಡೆಯ ಡಬ್ಬಿ ತಂದು ಕಂಡಕಂಡವರಿಗೆ ಹಂಚುತ್ತಿದ್ದ. ಗಿರಿಜವ್ವ ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಪಾರ್ವತವ್ವ ಓಡಿ ಬಂದು ಅವಳನ್ನು ಅಪ್ಪಿಕೊಂಡಳು. ಅಳು, ನಗು, ಮಾತು ಎಲ್ಲ ಒಟ್ಟಿಗೆ. “ನನ್ನ ಹೊಟ್ಟಿ ತಣ್ಣಗ ಮಾಡಿದಿ ಗಿರಿಜಾ. ನೀ ನಮ್ಮ ಕೈ ಬಿಡಾಂಗಿಲ್ಲ ಅಂತ ನಂಗ ಗೊತ್ತಿತ್ತು ನೋಡು.” ಅನ್ನುತ್ತಲೇ ಒಂದು ಪೇಡೆಯನ್ನು ಅವಳ ಬಾಯಿಗೆ ತುರುಕಿದಳು.

ಗಿರಿಜವ್ವ ಅಗಿಯಲಿಲ್ಲ. ಬೆರಳಿಲ್ಲದ ಆ ಕೈಯಿಂದಲೇ ಪೇಡೆಯನ್ನು ಬಾಯಿಂದ ಹೊರಗೆ ತೆಗೆದು, ಪಾರ್ವತವ್ವನ ಅಂಗೈ ಬಿಡಿಸಿ ಅದರಲ್ಲಿ ಇಟ್ಟಳು.

“ಮೊದಲ ಕೇಳು. ನಾ ಖರೆ ಹೇಳಿ ಬಂದೀನಿ.”

“ಹಾಸ್ಟೈಲ್ ಆದಿ ಅಂದ್ನಲ್ಲ ಶರಣ?”

“ಅದೇನೋ ಅಂದ್ರು. ಅಂದ ಮ್ಯಾಲ ಮತ್ತ ಕೇಳಿದ್ರು. ಹೌದು ಅಂದ್ನಿ.”

ಶರಣನ ಕೈಯಲ್ಲಿದ್ದ ಡಬ್ಬಿ ವಾಲಿತು. ಅಲ್ಲಿದ್ದ ಊರಿನವರೆಲ್ಲ ಬಾಯಲ್ಲಿದ್ದುದನ್ನು ನುಂಗಲೋ ಬೇಡವೋ ಎಂಬಂತೆ ನಿಂತರು. ಒಬ್ಬ ಹಿರಿಯ, ‘ಮಠದಾಗ ಹುಗ್ಗಿ ಉಂಡು ಬಂದು ಹಿಂಗ ಮಾಡ್ತೀಯಲ್ಲ’ ಎಂದು ಕೂಗಿದ. ಇನ್ನೊಬ್ಬ ಟೆಂಪೋದಲ್ಲಿ ಇವಳಿಗೆ ಜಾಗವಿಲ್ಲ ಎಂದ. ಅವಳು ಅವರ ಕಡೆ ತಿರುಗಲೂ ಇಲ್ಲ, ಪಾರ್ವತವ್ವನ ಮುಖವನ್ನೇ ನೋಡುತ್ತಿದ್ದಳು. ಮಾತು ನಿಲ್ಲದ ಆ ಹೆಂಗಸು ಕೇಳಿದ್ದು ಇಷ್ಟೇ.

“ನಿನಗ ಅವಾ ಮಗಾ ಅಲ್ಲೇನ ಗಿರಿಜಾ?”

ಗಿರಿಜವ್ವ ಅಳುತ್ತಿದ್ದಳು. ಅಷ್ಟು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಮಗಾನ ಪಾರೂ. ಬ್ಯಾರೆ ಯಾರರ ಆಗಿದ್ರ ಬಿಟ್ಟಬಿಡ್ತಿದ್ನಿ.”

ಪಾರ್ವತವ್ವ ಟೆಂಪೋ ಹತ್ತಿ, ಬಂದಾಗ ಕೂತಿದ್ದ ಸೀಟಿನಲ್ಲೇ ಕೂತಳು. ಪಕ್ಕದ ಜಾಗದಲ್ಲಿ ಕೂರಲು ಬಂದ ಶರಣನನ್ನು ಹಿಂದೆ ಹೋಗು ಎಂದು ಕೈಯಲ್ಲೇ ಹೇಳಿದಳು. ಆ ಜಾಗ ಖಾಲಿ ಇಟ್ಟುಕೊಂಡೇ ಟೆಂಪೋ ಹೋಯಿತು. ಗಿರಿಜವ್ವ ಮುಖ ಒರೆಸಿಕೊಂಡು ಬನವಾಸಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದಳು.